ಹೊಸ ಆವೃತ್ತಿಗೆ ಹಳೆಯ ಫೈಲು ಓದಲು ಬರಬೇಕು

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ದೂರು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆ.ಆರ್. ನಗರದ ರೈಸ್‌ಮಿಲ್ಲಿನವರೊಬ್ಬರು ತೂಕದ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಸಿದ ಮೇಲೆ ಚೀಟಿಯಲ್ಲಿ ಮಿಲ್ಲಿನ ಹೆಸರೇ ಬರುತ್ತಿಲ್ಲ ಎನ್ನುತ್ತಾರೆ. ಪಿರಿಯಾಪಟ್ಟಣದ ಗೊಬ್ಬರದ ಅಂಗಡಿಯವರಿಗೆ ಅರ್ಧ ಹಾಳೆಯಲ್ಲಿ ಮುಗಿಯುತ್ತಿದ್ದ ಬಿಲ್ಲು ಈಗ ಪೂರ್ತಿ ಹಾಳೆ ತಿನ್ನುತ್ತಿದೆ. ಹುಣಸೂರಿನ ಡಿಟಿಪಿ ಅಂಗಡಿಯ ಹುಡುಗನ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಬೇರೆ ವಿನ್ಯಾಸಕ್ಕೆ ತಿರುಗಿ ಕೂತಿದೆ. ಎಲ್ಲರೂ ಕೇಳುವುದು ಒಂದನ್ನೇ: ಅಪ್‌ಡೇಟ್ ಮಾಡಿದರೆ ಸಾಫ್ಟ್‌ವೇರ್ ಸುಧಾರಿಸಬೇಕು ತಾನೇ, ನಾವು ಮಾಡಿಟ್ಟುಕೊಂಡಿದ್ದ ಸೆಟ್ಟಿಂಗ್ ಯಾಕೆ ಹೋಗಬೇಕು?

ಹೋಗಬೇಕಾದ ಅಗತ್ಯ ಯಾವುದೂ ಇಲ್ಲ. ಹೋಯಿತು ಎಂದರೆ ಬರೆದವರು ಒಂದು ಕೆಲಸವನ್ನು ಅರ್ಧಕ್ಕೇ ಬಿಟ್ಟಿದ್ದಾರೆ ಎಂದೇ ಅರ್ಥ. ಆ ಉಳಿದರ್ಧ ಯಾವುದು ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಎಷ್ಟೋ ಮಂದಿ ಮೈಸೂರು, ಬೆಂಗಳೂರುಗಳಲ್ಲಿ ಇದೇ ಕೆಲಸದಲ್ಲಿದ್ದಾರೆ. ಅವರೂ ಓದಲಿ ಎಂಬ ಆಸೆ ನನಗಿದೆ.

ಸೆಟ್ಟಿಂಗ್ ಎಂದರೆ ಬಹುಮಟ್ಟಿಗೆ ಒಂದು ಸಾದಾ ಅಕ್ಷರದ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು. ಒಂದೊಂದು ಸಾಲಿನಲ್ಲಿ ಒಂದು ಹೆಸರು, ಸಮ ಚಿಹ್ನೆ, ಅದರ ಮುಂದೆ ಒಂದು ಬೆಲೆ. ಪ್ರಿಂಟರ್ ಯಾವುದು, ಹಾಳೆ ಎಷ್ಟು ಅಗಲ, ಅಂಗಡಿಯ ಹೆಸರೇನು, ಭಾಷೆ ಯಾವುದು, ಎಲ್ಲ ಅಲ್ಲಿರುತ್ತದೆ. ಇಂಜಿನಿಯರುಗಳು ಇದನ್ನು ಕಾನ್ಫಿಗರೇಶನ್ ಫೈಲ್ ಎನ್ನುತ್ತಾರೆ. ಸಾಫ್ಟ್‌ವೇರು ಕಂಪನಿಯದಾದರೂ ಈ ಫೈಲು ಬಳಸುವವನದು. ಅದರಲ್ಲಿರುವುದು ಅವನ ಊರು, ಅವನ ಯಂತ್ರ, ಅವನ ಅನುಭವ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಸಂಘದ ಹೆಸರು, ಸಾಫ್ಟ್‌ವೇರಿನ ಹೆಸರು ಇಲ್ಲಿ ಬೇಡ. ಬೆಳಗಿನ ಹಾಲು ಹಾಕುವ ಹೊತ್ತು, ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ನಿಂತಿತ್ತು. ಹಾಲು ಪರೀಕ್ಷಿಸುವ ಯಂತ್ರದಿಂದ ಕಂಪ್ಯೂಟರಿಗೆ ಒಂದು ತಂತಿ. ಯಂತ್ರ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಳೆದು ಕಳಿಸಬೇಕು, ಕಂಪ್ಯೂಟರು ದರ ಹಾಕಿ ಚೀಟಿ ಮುದ್ರಿಸಬೇಕು. ಹಿಂದಿನ ರಾತ್ರಿ ಸಾಫ್ಟ್‌ವೇರ್ ತಾನಾಗಿ ಹೊಸ ಆವೃತ್ತಿಗೆ ಏರಿತ್ತು. ಬೆಳಿಗ್ಗೆ ಫ್ಯಾಟಿನ ಜಾಗ ಖಾಲಿ. ಯಂತ್ರದ ಪುಟ್ಟ ಪರದೆಯ ಮೇಲೆ ಅಂಕಿ ಸರಿಯಾಗೇ ಇದೆ, ಕಂಪ್ಯೂಟರಿಗೆ ಮಾತ್ರ ಬರುತ್ತಿಲ್ಲ. ‘ನೆನ್ನೆ ಗಂಟ ಚೆನ್ನಾಗೇ ಇತ್ತಲ್ಲಪ್ಪ ಈ ಮಿಷನ್ನು, ಇವತ್ತೇನಾಯ್ತು ಇದ್ಕೆ?’ ಎಂದು ಸಾಲಿನಲ್ಲಿದ್ದ ಅಜ್ಜಿ ಕೇಳಿದರು. ‘ಏನೂ ಮಾಡಿಲ್ಲ ಕಣಮ್ಮ ನಾನು, ಮುಟ್ಟೇ ಇಲ್ಲ’ ಎಂದರು ಸೆಕ್ರೆಟರಿ. ಹೇಳಿದ್ದು ನಿಜವೇ. ಅವರು ಪರದೆ ನೋಡಿಕೊಂಡು ಎಲ್ಲರ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ ಬರೆದುಕೊಂಡರು. ಒಂದು ಅಂಕಿ ತಪ್ಪಿದರೂ ಬಟವಾಡೆಯ ದಿನ ಜಗಳ.

ಫೈಲು ತೆರೆದರೆ ಕಾರಣ ಅಲ್ಲೇ ಇತ್ತು. ಹಳೆಯ ಫೈಲಿನಲ್ಲಿ ಯಂತ್ರಕ್ಕೆಂದು ಮೂರು ಸಾಲು: ತಂತಿ ಚುಚ್ಚಿದ ಪೋರ್ಟ್ ಯಾವುದು, ಅಂಕಿ ಕಳಿಸುವ ವೇಗ ಎಷ್ಟು, ತಪ್ಪು ಹಿಡಿಯುವ ಪ್ಯಾರಿಟಿ ಇದೆಯೋ ಇಲ್ಲವೋ. ಹೊಸ ಆವೃತ್ತಿ ಬರೆದವರು ಇದನ್ನು ಸರಳಗೊಳಿಸಿದ್ದರು. ಯಂತ್ರದ ಮಾದರಿಯ ಹೆಸರೊಂದನ್ನು ಬರೆದರೆ ಸಾಕು, ವೇಗ, ಪ್ಯಾರಿಟಿ ಎಲ್ಲ ಸಾಫ್ಟ್‌ವೇರಿಗೆ ತಾನೇ ಗೊತ್ತಾಗುತ್ತದೆ. ಒಳ್ಳೆಯ ಯೋಚನೆ. ಡೈರಿ ಸೆಕ್ರೆಟರಿಗೆ ಪ್ಯಾರಿಟಿ ಎಂದರೇನೆಂದು ಯಾಕೆ ಗೊತ್ತಿರಬೇಕು? ಆದರೆ ಹಳೆಯ ಮೂರು ಸಾಲು ಕಂಡಾಗ ಏನು ಮಾಡಬೇಕೆಂದು ಅವರು ಬರೆದಿರಲಿಲ್ಲ. ಸಾಫ್ಟ್‌ವೇರ್ ಆ ಸಾಲುಗಳನ್ನು ಹಾರಿಸಿತು, ಹೊಸ ಸಾಲು ಸಿಗಲಿಲ್ಲ, ಸಿಗದಿದ್ದಾಗ ವೇಗ 9600 ಎಂದು ಇಟ್ಟುಕೊಂಡಿತು. ಯಂತ್ರ ಮಾತಾಡುತ್ತಿದ್ದದ್ದು 2400ರಲ್ಲಿ. ಒಂದು ಸಾಲು ಬರೆದು ಉಳಿಸಿದ ಕೂಡಲೇ ಚೀಟಿ ಬಂತು. ಆ ಒಂದು ಸಾಲು ಬೇಕು ಎಂದು ಪರದೆಯ ಮೇಲೆ ಎಲ್ಲೂ ಹೇಳಿರಲಿಲ್ಲ.

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವುದು, ‘ಹಾಗಾದರೆ ಹಳೆಯದನ್ನು ಮುಟ್ಟದೇ ಇದ್ದರಾಯಿತು’ ಎಂದು. ನಾನು ಒಪ್ಪುವುದಿಲ್ಲ. ಮುಟ್ಟದೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಸಾಫ್ಟ್‌ವೇರ್ ಲೋಕದಲ್ಲಿ ಹೆಸರಾದ ಉದಾಹರಣೆ ‘ಮೇಕ್’. ದೊಡ್ಡ ಪ್ರೋಗ್ರಾಮುಗಳನ್ನು ಕಟ್ಟಿ ನಿಲ್ಲಿಸುವ ಈ ಸಲಕರಣೆಯನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಬರೆದರು. ಅದರ ಫೈಲಿನಲ್ಲಿ ಆಜ್ಞೆಯ ಸಾಲುಗಳು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು, ಖಾಲಿ ಜಾಗ ಬಿಟ್ಟರೆ ನಡೆಯುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಇದು ತೊಡಕು ಎಂದು ಫೆಲ್ಡ್‌ಮನ್ ಅವರಿಗೆ ಬೇಗನೇ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ಸ್ನೇಹಿತರೇ, ಅದನ್ನು ಬಳಸತೊಡಗಿದ್ದರು. ಅವರ ಫೈಲು ಕೆಡಬಾರದೆಂದು ಹಾಗೇ ಬಿಟ್ಟರು. ಹತ್ತು ಹನ್ನೆರಡು ಜನರ ಮೇಲಿನ ಆ ದಾಕ್ಷಿಣ್ಯಕ್ಕೆ ಅರ್ಧ ಶತಮಾನದಿಂದ ಜಗತ್ತಿನ ಎಲ್ಲ ಕಡೆಯ ವಿದ್ಯಾರ್ಥಿಗಳು ಮೊದಲ ದಿನವೇ ಎಡವುತ್ತಿದ್ದಾರೆ. ಬದಲಾವಣೆಗೆ ಒಳ್ಳೆಯ ಕಾಲ ಬಳಸುವವರು ಕಡಿಮೆ ಇರುವಾಗಲೇ. ತಡವಾದಷ್ಟೂ ಭಾರ ಹೆಚ್ಚು.

ಸೆಟ್ಟಿಂಗ್ ಫೈಲು ಊದಿಕೊಳ್ಳುವುದಕ್ಕೂ ಕಾರಣವಿದೆ. ಒಬ್ಬ ಗಿರಾಕಿ ಬಂದು ನಮಗೆ ಹೀಗೆ ಬೇಕು ಎನ್ನುತ್ತಾನೆ, ಒಂದು ಸಾಲು ಸೇರುತ್ತದೆ. ಇನ್ನೊಬ್ಬ ಬರುತ್ತಾನೆ, ಇನ್ನೊಂದು ಸಾಲು. ಯಾರೂ ಒಂದು ಸಾಲನ್ನೂ ತೆಗೆಯುವುದಿಲ್ಲ, ಯಾಕೆಂದರೆ ಯಾರು ಅದನ್ನು ನೆಚ್ಚಿಕೊಂಡಿದ್ದಾರೋ ಗೊತ್ತಿರುವುದಿಲ್ಲ. ಕೊನೆಗೆ ಆ ಫೈಲು ಬರೆದವರಿಗೇ ಅರ್ಥವಾಗದ ಸ್ಥಿತಿಗೆ ಬರುತ್ತದೆ. ಇದನ್ನು ಸರಳಗೊಳಿಸುವುದು ಬಳಸುವವನಿಗೆ ಮಾಡುವ ದೊಡ್ಡ ಉಪಕಾರ. ಲಿನಕ್ಸ್ ಹಾಕಿಕೊಂಡ ಹಳಬರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ಪರದೆ ಮೂಡಬೇಕಾದರೆ ಮಾನಿಟರಿನ ಆವರ್ತನವನ್ನು ಕೈಯಾರೆ ಒಂದು ಫೈಲಿನಲ್ಲಿ ಬರೆಯಬೇಕಿತ್ತು. ಆಮೇಲೆ ಸಾಫ್ಟ್‌ವೇರೇ ಮಾನಿಟರನ್ನು ಕೇಳಿ ತಿಳಿದುಕೊಳ್ಳುವಂತಾಯಿತು. ಇವತ್ತು ಹೆಚ್ಚಿನವರ ಕಂಪ್ಯೂಟರಿನಲ್ಲಿ ಆ ಫೈಲೇ ಇರುವುದಿಲ್ಲ. ಆದರೆ ಅದೇ ಹಳೆಯ ಪರದೆ ವ್ಯವಸ್ಥೆಯನ್ನು ಬಳಸುವ ಕಡೆ ಯಾರಾದರೂ ಬರೆದಿಟ್ಟಿದ್ದರೆ ಅದರ ಮಾತು ಈಗಲೂ ನಡೆಯುತ್ತದೆ. ಬರೆಯಬೇಕಾದ್ದು ಇಲ್ಲವಾಗಬೇಕು, ಬರೆದದ್ದಕ್ಕೆ ಬೆಲೆ ಇರಬೇಕು. ಸರಳಗೊಳಿಸುವುದು ಎಂದರೆ ನನ್ನ ಪ್ರಕಾರ ಇದೇ.

ಹಳೆಯ ಹೆಸರನ್ನು ಬಿಡದೆ ಹೊಸ ಹೆಸರು ಕೊಡುವುದು ಹೇಗೆ ಎಂಬುದಕ್ಕೆ ಅಚ್ಚುಕಟ್ಟಾದ ಮಾದರಿ ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೇ ಇದೆ. ಜಗತ್ತಿನ ಹೆಚ್ಚಿನ ಮೊಬೈಲುಗಳು, ಎಷ್ಟೋ ಕಂಪ್ಯೂಟರುಗಳು ಯಾವ ಊರಿನಲ್ಲಿ ಗಂಟೆ ಎಷ್ಟು ಎಂದು ತಿಳಿಯಲು ಒಂದೇ ಸಮಯವಲಯ ಪಟ್ಟಿಯನ್ನು ನೋಡುತ್ತವೆ. ಭಾರತಕ್ಕೆ ಅದರಲ್ಲಿದ್ದ ಹೆಸರು ‘ಏಷ್ಯಾ/ಕ್ಯಾಲ್ಕಟ್ಟಾ’. ನಗರದ ಅಧಿಕೃತ ಹೆಸರು 2001ರಲ್ಲಿ ಕೋಲ್ಕತ್ತ ಎಂದಾಯಿತು, 2008ರಲ್ಲಿ ಪಟ್ಟಿಯಲ್ಲೂ ‘ಏಷ್ಯಾ/ಕೋಲ್ಕತ್ತ’ ಬಂತು. ಆಗ ಹಳೆಯ ಹೆಸರನ್ನು ಅಳಿಸಲಿಲ್ಲ. ಆ ಪಟ್ಟಿಯ ಜೊತೆಗೆ ‘ಬ್ಯಾಕ್‌ವರ್ಡ್’ ಎಂಬ ಒಂದು ಪ್ರತ್ಯೇಕ ಫೈಲೇ ಇದೆ. ಕ್ಯಾಲ್ಕಟ್ಟಾ ಎಂದು ಕೇಳಿದವರಿಗೆ ಕೋಲ್ಕತ್ತದ ಗಂಟೆ ಕೊಡು ಎಂದು ಅದರಲ್ಲಿ ಒಂದು ಸಾಲು ಬರೆದಿಟ್ಟಿದ್ದಾರೆ. ಆ ಒಂದು ಸಾಲಿನ ದೆಸೆಯಿಂದ ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದಿಂದ ಹಿಡಿದು ದೆಹಲಿಯ ಕಚೇರಿಗಳವರೆಗೆ ಯಾವ ಹಳೆಯ ಗಡಿಯಾರವೂ ನಿಲ್ಲಲಿಲ್ಲ. ಹೊಸದಾಗಿ ಬರೆಯುವವರು ಹೊಸ ಹೆಸರು ಬರೆಯುತ್ತಾರೆ, ಹಳಬರದು ಹಾಗೇ ನಡೆಯುತ್ತದೆ.

ನಮ್ಮ ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ಮಾದರಿಯೂ ಇದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಕೀಲಿಮಣೆಯ ವಿನ್ಯಾಸಗಳಿಗೆಂದೇ ಒಂದು ಫೈಲುಗಳ ಕಟ್ಟು ಇದೆ. ಮೊದಲು ಅಲ್ಲಿ ಕನ್ನಡಕ್ಕೆ ಕೆ-ಎ-ಎನ್ ಎಂಬ ಮೂರಕ್ಷರದ ಸ್ವಂತ ಹೆಸರಿತ್ತು. ಆಮೇಲೆ ದೇಶದ ಲೆಕ್ಕದಲ್ಲಿ ಎಲ್ಲವನ್ನೂ ಜೋಡಿಸಿದರು. ಭಾರತದ ಲಿಪಿಗಳೆಲ್ಲ ಐ-ಎನ್ ಎಂಬ ಒಂದೇ ಹೆಸರಿನ ಕೆಳಗೆ ಬಂದವು, ಕನ್ನಡ ಅದರೊಳಗಿನ ಒಂದು ಕವಲಾಯಿತು. ಚದುರಿದ್ದದ್ದು ಒಂದೆಡೆ ಬಂತು. ಆದರೆ ಯಾರೋ ಎಲ್ಲೋ ಹಳೆಯ ಮೂರಕ್ಷರವನ್ನೇ ತನ್ನ ಫೈಲಿನಲ್ಲಿ ಬರೆದುಕೊಂಡಿದ್ದರೆ? ಅದಕ್ಕೂ ಅಲ್ಲೇ ಒಂದು ಸಾಲಿನ ನಿಯಮ: ಹಾಗೆ ಬರೆದದ್ದು ಕಂಡರೆ ಐ-ಎನ್ ಒಳಗಿನ ಕನ್ನಡ ಎಂದು ತಿಳಿ. ಮುಂದೆ ಕನ್ನಡ ಗಣಕ ಪರಿಷತ್ತಿನ ‘ಕಗಪ’ ವಿನ್ಯಾಸ ಸೇರಿದಾಗ ಅದೂ ಇನ್ನೊಂದು ಕವಲಾಗಿ ಬಂತೇ ಹೊರತು ಮೊದಲಿದ್ದದ್ದನ್ನು ತಳ್ಳಿ ಅದರ ಜಾಗದಲ್ಲಿ ಕೂರಲಿಲ್ಲ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ತರ್ಕದ ಮೇಲೆ ನಿಂತ ಆ ವಿನ್ಯಾಸವೇ ಚೆನ್ನ ಎಂದು ನಾನು ನಂಬಿದ್ದೇನೆ. ಆದರೆ ಮೊದಲಿದ್ದ ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತು ಬೆರಳು ಕೂತವರ ಕೆಲಸ ಕೆಡಿಸುವ ಹಕ್ಕು ನನ್ನ ನಂಬಿಕೆಗೆ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಪ್ರಸಂಗ ಹಳಗನ್ನಡದ ೞ ಅಕ್ಷರದ್ದು. ಯುನಿಕೋಡಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು. ೞ ಕಾರಕ್ಕೆ ಕೊಟ್ಟ ಹೆಸರು ‘ಕನ್ನಡ ಲೆಟರ್ ಎಫ್ಎ’. ಅಂದರೆ ಫ಼ ಎಂಬ ಧ್ವನಿಯ ಅಕ್ಷರ! ಪಂಪ, ರನ್ನರನ್ನು ಒಂದು ಪುಟ ಓದಿದವರಿಗೂ ಇದು ತಪ್ಪೆಂದು ಗೊತ್ತು. ಆದರೂ ಹೆಸರನ್ನು ತಿದ್ದಲಿಲ್ಲ, ತಿದ್ದುವುದೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯುನಿಕೋಡಿನ ಶಾಶ್ವತ ನಿಯಮ, ಯಾಕೆಂದರೆ ಆ ಹೆಸರನ್ನೇ ನೆಚ್ಚಿಕೊಂಡ ಪ್ರೋಗ್ರಾಮುಗಳು ಎಲ್ಲೆಲ್ಲಿವೆಯೋ ಹೇಳಲಾಗದು. ಅದರ ಬದಲು ಅಡ್ಡಹೆಸರುಗಳ ಇನ್ನೊಂದು ಫೈಲು ಇಟ್ಟಿದ್ದಾರೆ. ೞ ಕಾರದ ಸಂಖ್ಯೆಯ ಮುಂದೆ ಸರಿಯಾದ ಹೆಸರನ್ನು ಬರೆದು, ಪಕ್ಕದಲ್ಲಿ ‘ತಿದ್ದುಪಡಿ’ ಎಂಬ ಟಿಪ್ಪಣಿ ಹಾಕಿದ್ದಾರೆ. ಕನ್ನಡಿಗನಾಗಿ ಆ ತಪ್ಪು ಹೆಸರು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆದರೂ ಈ ಏರ್ಪಾಡು ಸರಿ ಎಂದೇ ನನ್ನ ತೀರ್ಮಾನ. ತಪ್ಪು ಒಪ್ಪಿಕೊಂಡದ್ದೂ ಆಯಿತು, ಯಾರ ಕಡತವೂ ಕೆಡಲಿಲ್ಲ.

ಹೆಸರು ಬದಲಿಸುವುದು ಸುಲಭದ ಭಾಗ. ಬಹಳ ಮಂದಿ ಎಡವುವುದು ಬರೆಯದೇ ಬಿಟ್ಟ ಸಾಲಿನ ವಿಷಯದಲ್ಲಿ. ಒಂದು ಸಾಲನ್ನು ನೀವು ಬರೆಯದಿದ್ದರೆ ಸಾಫ್ಟ್‌ವೇರ್ ತನ್ನ ವಾಡಿಕೆಯ ಬೆಲೆಯನ್ನು ಹಿಡಿಯುತ್ತದೆ. ಹೊಸ ಆವೃತ್ತಿಯಲ್ಲಿ ಆ ವಾಡಿಕೆಯನ್ನು ಬದಲಿಸಿದರೆ ಏನೂ ಬರೆಯದವನಿಗೇ ಪೆಟ್ಟು. ಅವನ ಫೈಲಿನಲ್ಲಿ ತಿದ್ದಲು ಸಾಲೇ ಇಲ್ಲ, ಹುಡುಕಿದರೂ ಸಿಗುವುದಿಲ್ಲ. ಗೊಬ್ಬರದ ಅಂಗಡಿಯ ಬಿಲ್ಲು ಪೂರ್ತಿ ಹಾಳೆಗೆ ತಿರುಗಿದ್ದು ಹೀಗೆಯೇ ಇರಬೇಕು. ಇದಕ್ಕೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದೆ. ಅವರ ಫೈಲಿನಲ್ಲಿ ‘ಎಡಿಶನ್’ ಎಂದು ಒಂದು ಸಾಲು: 2015, 2018, 2021, ಹೀಗೆ. ಹೊಸ ನಿಯಮ ಬೇಕಾದವರು ಹೊಸ ವರ್ಷ ಬರೆಯುತ್ತಾರೆ. ಆ ಸಾಲೇ ಇಲ್ಲದಿದ್ದರೆ? ಇವತ್ತಿನ ಹೊಸ ಆವೃತ್ತಿಯೂ ಅದನ್ನು 2015 ಎಂದೇ ಓದುತ್ತದೆ. ಆ ಸಾಲು ಹುಟ್ಟುವ ಮುಂಚೆ ಬರೆದವನು ಅದನ್ನು ಬರೆದಿರಲು ಸಾಧ್ಯವಿಲ್ಲವಲ್ಲ. ಹೊಸ ಫೈಲು ತಯಾರಿಸುವಾಗ ಮಾತ್ರ ಹೊಸ ವರ್ಷ ತಾನಾಗಿ ಬರುತ್ತದೆ. ಫೈಲಿನ ತಲೆಯಲ್ಲಿ ಆವೃತ್ತಿಯ ಒಂದು ಸಾಲು ಇರಲಿ ಎಂದು ನಾನು ಕಿರಿಯರಿಗೆ ಹೇಳುವುದು ಈ ಕಾರಣಕ್ಕೆ.

ಆ ಆವೃತ್ತಿಯ ಸಾಲೂ ಒಂದು ದಿನ ಅತಿಯಾಗಬಹುದು. ಹಲವು ಪ್ರೋಗ್ರಾಮುಗಳನ್ನು ಒಟ್ಟಿಗೆ ಎಬ್ಬಿಸುವ ಡಾಕರ್ ಕಂಪೋಸ್ ಎಂಬುದರಲ್ಲಿ ಮೊದಲು ಆವೃತ್ತಿ 2, ಆವೃತ್ತಿ 3 ಎಂದು ಬೇರೆ ಬೇರೆ ಬಗೆಯ ಫೈಲುಗಳಿದ್ದವು. ಯಾವುದರಲ್ಲಿ ಏನು ನಡೆಯುತ್ತದೆ ಎಂದು ತಲೆಕೆಡಿಸಿಕೊಳ್ಳಬೇಕಿತ್ತು. ಆಮೇಲೆ ಎರಡನ್ನೂ ಕೂಡಿಸಿ ಒಂದೇ ಮಾಡಿದರು. ಆವೃತ್ತಿಯ ಸಾಲು ಈಗ ಬೇಕಿಲ್ಲ. ಬರೆದಿದ್ದರೆ ಫೈಲು ನಿಲ್ಲುವುದಿಲ್ಲ, ‘ಈ ಸಾಲು ಈಗ ಬಳಕೆಯಲ್ಲಿಲ್ಲ, ತೆಗೆಯಬಹುದು’ ಎಂದು ಒಂದು ಎಚ್ಚರಿಕೆ ಕೊಟ್ಟು ಕೆಲಸ ಮುಂದುವರಿಸುತ್ತದೆ. ಫೈಲಿಗೆ ಚಿಕ್ಕ ಹೊಸ ಹೆಸರು ಕೊಟ್ಟರು, ಹಳೆಯ ಉದ್ದನೆಯ ಹೆಸರಿನದೂ ನಡೆಯುತ್ತದೆ.

ಆ ಒಂದು ಎಚ್ಚರಿಕೆಯ ಮಾತು ನಮ್ಮ ಡೈರಿಯ ಪರದೆಯ ಮೇಲೆ ಬಂದಿದ್ದರೆ ಸೆಕ್ರೆಟರಿ ಹತ್ತೇ ನಿಮಿಷದಲ್ಲಿ ಯಾರಿಗಾದರೂ ಫೋನು ಮಾಡಿ ಸರಿಪಡಿಸಿಕೊಳ್ಳುತ್ತಿದ್ದರು. ಗೊತ್ತಿಲ್ಲದ ಸಾಲು ಕಂಡರೆ ಸುಮ್ಮನೆ ದಾಟಿಹೋಗುವ ಸಾಫ್ಟ್‌ವೇರು ಕೆಟ್ಟದ್ದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಯಾವ ಫೈಲು, ಎಷ್ಟನೇ ಸಾಲು, ಹಿಂದೆ ಏನಾಗಿತ್ತು, ಈಗ ಏನು ಬರೆಯಬೇಕು ಎಂದು ಹೇಳಬೇಕು. ಕನ್ನಡದಲ್ಲಿ ಹೇಳಬೇಕು. ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಲು ಬರುವ ಸಾಫ್ಟ್‌ವೇರಿಗೆ ತಪ್ಪನ್ನು ಕನ್ನಡದಲ್ಲಿ ತಿಳಿಸಲು ಏನು ಅಡ್ಡಿ?

ಕನ್ನಡದ ಮಾತು ಬಂದದ್ದಕ್ಕೆ ಹೇಳಬೇಕು, ರೈಸ್‌ಮಿಲ್ಲಿನ ಹೆಸರು ಕಾಣೆಯಾದದ್ದರ ಹಿಂದೆ ಬೇರೆಯದೇ ಕತೆ ಇದೆ. ಅವರ ಫೈಲಿನಲ್ಲಿ ಮಿಲ್ಲಿನ ಹೆಸರಿತ್ತು, ಆದರೆ ಅದು ಯುನಿಕೋಡಿಗಿಂತ ಹಿಂದಿನ ಬಗೆಯದು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳೇ. ಫಾಂಟು ಅದಕ್ಕೆ ಕನ್ನಡದ ಆಕಾರ ತೊಡಿಸುತ್ತಿತ್ತು. ಫಾಂಟು ತೆಗೆದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೊಸ ಆವೃತ್ತಿ ಯುನಿಕೋಡನ್ನು ಮಾತ್ರ ಒಪ್ಪುತ್ತಿತ್ತು. ಅದು ಸರಿಯಾದ ತೀರ್ಮಾನವೇ, ಯುನಿಕೋಡಿಗೆ ಬಂದದ್ದರಿಂದಲೇ ಕನ್ನಡ ಇವತ್ತು ಮೊಬೈಲಿನಲ್ಲಿ, ಹುಡುಕಾಟದಲ್ಲಿ, ಎಲ್ಲ ಕಡೆ ಓಡಾಡುತ್ತಿದೆ. ಆದರೆ ಹಳೆಯ ಬಗೆಯನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಎಂದೋ ತಯಾರಾಗಿವೆ, ಮುಕ್ತವಾಗಿ ಸಿಗುತ್ತವೆ. ಫೈಲು ಓದುವಾಗ ಅದರಲ್ಲೊಂದನ್ನು ನಡುವೆ ಇಟ್ಟಿದ್ದರೆ ಅಕ್ಕಿ ಗಿರಣಿಯ ಹೆಸರು ಚೀಟಿಯ ಮೇಲೆ ಹಾಗೇ ಉಳಿಯುತ್ತಿತ್ತು.

ನಮ್ಮ ತಾಲ್ಲೂಕುಗಳ ಹೆಸರಿನ ಪಾಡೂ ಇದೇ. ಒಂದೇ ಊರನ್ನು ಒಬ್ಬರು ಹೆಗ್ಗಡದೇವನಕೋಟೆ ಎಂದು ಬರೆಯುತ್ತಾರೆ, ಇನ್ನೊಬ್ಬರು ಎಚ್.ಡಿ. ಕೋಟೆ, ಮತ್ತೊಬ್ಬರು ಹೆಚ್.ಡಿ. ಕೋಟೆ, ಚುಕ್ಕಿ ಇದ್ದೂ ಇಲ್ಲದೆಯೂ. ಪಿರಿಯಾಪಟ್ಟಣ ಇನ್ನೊಂದು ಕಡೆ ಪೆರಿಯಪಟ್ನ. ಮನುಷ್ಯನಿಗೆ ಇದೆಲ್ಲ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಊರು. ಇದರ ಮೇಲೆ ಗಡಿಯೇ ಬದಲಾಯಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಕೋಟೆಯಿಂದ ಸರಗೂರು ಬೇರೆಯಾಯಿತು. ಕೆ.ಆರ್. ನಗರದಿಂದ ಸಾಲಿಗ್ರಾಮವೂ ಬೇರೆಯಾಗಿದೆ. ಸರಗೂರಿನ ಒಂದು ಹಳ್ಳಿಯ ರೈತನ ಹತ್ತು ವರ್ಷದ ಹಿಂದಿನ ಕಾಗದದಲ್ಲಿ ತಾಲ್ಲೂಕು ಹೆಗ್ಗಡದೇವನಕೋಟೆ. ತಾಲ್ಲೂಕಿನ ಪಟ್ಟಿಯ ಫೈಲನ್ನು ಹೊಸದು ಮಾಡುವವರು ಆ ಹಳ್ಳಿಯನ್ನು ಕೋಟೆಯ ಕೆಳಗಿಂದ ತೆಗೆದು ಸರಗೂರಿನ ಕೆಳಗೆ ಹಾಕಿ ಕೈ ತೊಳೆದುಕೊಂಡರೆ, ಹಳೆಯ ಕಾಗದ ಹಿಡಿದು ಬಂದವನಿಗೆ ಅವನ ಊರೇ ಸಿಗುವುದಿಲ್ಲ. ಹೆಸರಿನ ಹಿಂದೆ ಬದಲಾಗದ ಒಂದು ಸಂಖ್ಯೆ ಇರಬೇಕು. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಕೊಟ್ಟದ್ದು ಅಂಥ ಕೆಲಸಕ್ಕೆ ಒದಗುತ್ತದೆ. ಅದರ ಜೊತೆಗೆ ಜನ ಬರೆಯುವ ಎಲ್ಲ ಹೆಸರುಗಳನ್ನೂ, ಹಳೆಯ ತಾಲ್ಲೂಕನ್ನೂ ಪರ್ಯಾಯವಾಗಿ ಇಟ್ಟರೆ ಹೊಸಬರಿಗೂ ಹಳಬರಿಗೂ ಒಂದೇ ಬಾಗಿಲು ತೆರೆಯುತ್ತದೆ.

ಜಮೀನಿನ ಲೆಕ್ಕ ನೋಡುವವರಿಗೆ ಈ ಬುದ್ಧಿ ಹೊಸದಲ್ಲ. ಸರ್ವೆ ನಂಬರ್ 112 ಅಣ್ಣತಮ್ಮಂದಿರಲ್ಲಿ ಪೋಡಿಯಾದರೆ 112/1, 112/2 ಆಗುತ್ತದೆ. ಊರಿನ ನಂಬರುಗಳನ್ನೆಲ್ಲ ಮೊದಲಿನಿಂದ ಎಣಿಸಿ ಹೊಸದಾಗಿ ಕೊಡುವುದಿಲ್ಲ. ತಾತನ ಕ್ರಯಪತ್ರದಲ್ಲಿ 112 ಎಂದಿದ್ದರೆ ಇವತ್ತಿನ ಪಹಣಿಯಲ್ಲಿ ಅದರ ಜಾಡು ಹಿಡಿಯಬಹುದು. ಸಾಫ್ಟ್‌ವೇರ್ ಬರೆಯುವವರು ಗ್ರಾಮ ಆಡಳಿತ ಅಧಿಕಾರಿಗಳ (ಹಿಂದಿನ ಗ್ರಾಮಲೆಕ್ಕಿಗರ) ಹತ್ತಿರ ಒಂದು ಮಧ್ಯಾಹ್ನ ಕೂತು ಬಂದರೆ ಒಳ್ಳೆಯದು.

ಕೋಟೆ ತಾಲ್ಲೂಕಿನ ಇನ್ನೊಂದು ವಾಸ್ತವವನ್ನು ಬೆಂಗಳೂರಿನಲ್ಲಿ ಕೂತವರು ಮರೆಯುತ್ತಾರೆ. ಅಂತರಸಂತೆ ದಾಟಿ ಕಾಡಿನ ಕಡೆ, ಕೇರಳದ ಗಡಿಯ ಡಿ.ಬಿ. ಕುಪ್ಪೆಯ ಕಡೆ ಹೋದರೆ ನೆಟ್‌ವರ್ಕ್ ಸಿಗುವುದೇ ಕಷ್ಟ. ಅಲ್ಲಿನ ಕಂಪ್ಯೂಟರಿಗೆ ಪ್ರತಿ ತಿಂಗಳ ಅಪ್‌ಡೇಟ್ ಬರುವುದಿಲ್ಲ. ಯಾರೋ ಒಮ್ಮೆ ಪೇಟೆಗೆ ತಂದಾಗ ನಾಲ್ಕೈದು ಆವೃತ್ತಿ ಒಂದೇ ನೆಗೆತಕ್ಕೆ ದಾಟುತ್ತದೆ. ಮೂರನೆಯದರಿಂದ ನಾಲ್ಕನೆಯದಕ್ಕೆ ಮಾತ್ರ ದಾರಿ ಮಾಡಿಟ್ಟು, ಎರಡು ವರ್ಷ ಎಚ್ಚರಿಕೆ ಕೊಟ್ಟಿದ್ದೆವಲ್ಲ ಎಂದರೆ ಅವರಿಗೆ ಆ ಎಚ್ಚರಿಕೆ ತಲುಪಿಯೇ ಇಲ್ಲ. ಆದ್ದರಿಂದ ಮೊದಲನೆಯದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಒಂದೊಂದು ಮೆಟ್ಟಿಲಿನ ಪರಿವರ್ತನೆಯನ್ನೂ ಹಾಗೇ ಉಳಿಸಿ, ಸಾಲಾಗಿ ಓಡಿಸಬೇಕು. ಒಂದೊಂದೂ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮು, ಅಷ್ಟೇ. ಓದುವಾಗ ತಿರುಗಿಸಿಕೊಳ್ಳಲಿ, ಬಳಸುವವನ ಮೂಲ ಫೈಲಿನ ಮೇಲೆ ಬರೆದು ಅಳಿಸದಿರಲಿ. ಹೊಸ ಫೈಲು ಪಕ್ಕದಲ್ಲಿ ಹುಟ್ಟಲಿ, ಹಳೆಯದು ಹಳೆಯ ಹೆಸರಿನಲ್ಲೇ ಇರಲಿ. ಹೊಸ ಆವೃತ್ತಿ ಹಿಡಿಸದೆ ಹಿಂದಕ್ಕೆ ಹೋಗುವವರಿಗೂ ಆಗ ದಾರಿ ಇರುತ್ತದೆ.

ಇದೆಲ್ಲ ಎಂದೆಂದಿಗೂ ಹೊತ್ತುಕೊಂಡು ತಿರುಗಬೇಕೇ ಎಂದು ಕೇಳುವವರಿದ್ದಾರೆ. ಕೆಲವನ್ನು ಕೈಬಿಡಲೇಬೇಕಾಗುತ್ತದೆ. ಪಾಸ್‌ವರ್ಡನ್ನು ಬರಿಗಣ್ಣಿಗೆ ಕಾಣುವಂತೆ ಬರೆದಿಡುವ ಸಾಲನ್ನು ಒಪ್ಪುತ್ತಲೇ ಹೋಗುವುದು ತಪ್ಪು. ಅಂಥ ಕಡೆ ಸಾಫ್ಟ್‌ವೇರ್ ನಿಲ್ಲಲಿ, ಕಾರಣ ಹೇಳಿ ನಿಲ್ಲಲಿ. ಬೇರೆಯದಕ್ಕೆಲ್ಲ ನನ್ನ ಅಳತೆ ಇಷ್ಟು: ಹಳೆಯ ಸಾಲನ್ನು ಓದುವ ಖರ್ಚು ಬರೆಯುವವನಿಗೆ ಒಂದು ಸಲ, ಅದು ಓದದೇ ಹೋದಾಗಿನ ಖರ್ಚು ಬಳಸುವ ಪ್ರತಿಯೊಬ್ಬನಿಗೂ ಒಂದೊಂದು ಸಲ. ಹಳ್ಳಿಯ ಸಂಘವೊಂದಕ್ಕೆ ಸಾಫ್ಟ್‌ವೇರ್ ಕೊಟ್ಟವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಲಿ.

ಈ ಕೆಲಸದಲ್ಲಿರುವ ನಮ್ಮ ಕಡೆಯ ಎಳೆಯರಿಗೆ ಒಂದು ಕೋರಿಕೆ. ನಿಮ್ಮ ಗಿರಾಕಿಗಳ ನಿಜವಾದ ಹಳೆಯ ಸೆಟ್ಟಿಂಗ್ ಫೈಲುಗಳನ್ನು ಅವರ ಒಪ್ಪಿಗೆ ಪಡೆದು, ಹೆಸರು, ಪಾಸ್‌ವರ್ಡ್ ತೆಗೆದು, ಒಂದು ಕಡೆ ಕೂಡಿಡಿ. ಹೊಸ ಆವೃತ್ತಿ ಬಿಡುವ ಮುನ್ನ ಅವನ್ನೆಲ್ಲ ಒಮ್ಮೆ ಓದಿಸಿ ನೋಡಿ. ಒಂದು ಫೈಲು ಬೇರೆ ಉತ್ತರ ಕೊಟ್ಟರೂ ಬಿಡುಗಡೆ ನಿಲ್ಲಿಸಿ. ಓದುಗರಿಗೆ ಹೇಳುವುದು ಇಷ್ಟೇ: ನಿಮ್ಮ ಸಾಫ್ಟ್‌ವೇರ್ ಕೊಟ್ಟವರನ್ನು ಸೆಟ್ಟಿಂಗ್ ಫೈಲು ಎಲ್ಲಿದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಅಪ್‌ಡೇಟ್ ಒತ್ತುವ ಮುಂಚೆ ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಹೆಸರಿನ ಜೊತೆ ಆ ದಿನದ ತಾರೀಖು ಸೇರಿಸಿ ಇಟ್ಟುಕೊಳ್ಳಿ.